ಇಫ್ತಾರ್‌ನ ಪುಡ್ಡಿಂಗ್ ಸಹರಿಗೆ ಉಳಿಸಬೇಡಿ

ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಫಿರ್ನಿಯ ಜೊತೆ ಈಗ ಮಕ್ಕಳು ಚಾಕಲೇಟ್ ಪುಡ್ಡಿಂಗ್ ಕೇಳುತ್ತಾರೆ. ಅಂಗಡಿಯ ಕೆಲವು ಸಿಹಿಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜಿಲೆಟಿನ್ ಇರುತ್ತದೆ. ಮನೆಯಲ್ಲಾದರೆ ಮೆಕ್ಕೆಜೋಳದ ಕಾರ್ನ್‌ಫ್ಲೋರ್ ಸಾಕು. ಹಲಾಲೋ ಅಲ್ಲವೋ ಎಂಬ ಸಂಶಯವಿಲ್ಲ.

ಅರ್ಧ ಲೀಟರ್ ಹಾಲಿಗೆ ಕಾರ್ನ್‌ಫ್ಲೋರ್ 3, ಕೋಕೋ ಪುಡಿ 2, ಸಕ್ಕರೆ 4 ದೊಡ್ಡ ಚಮಚ ಬೇಕು. ಇವನ್ನು ಸ್ವಲ್ಪ ತಣ್ಣನೆಯ ಹಾಲಿನಲ್ಲಿ ಗಂಟಾಗದಂತೆ ಕಲಸಿ, ಉಳಿದ ಹಾಲಿಗೆ ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿರಿ. ಕುದಿ ಬಂದ ಮೇಲೆ ಇನ್ನೂ 2 ನಿಮಿಷ ಬೇಯಿಸಿ. ಬೇಗ ಇಳಿಸಿದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ.

ಎಚ್ಚರ ಬೇಕಾದದ್ದು ಒಲೆಯಿಂದ ಇಳಿಸಿದ ಮೇಲೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಹಾಲಿನ ತಿನಿಸಿನೊಳಗೆ ರೋಗಾಣುಗಳು ಬೇಗ ಬೆಳೆಯುತ್ತವೆ. ಕೆಲವು ರೋಗಾಣುಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಕೈ ತೊಳೆದು, ಸಣ್ಣ ಬಟ್ಟಲುಗಳಿಗೆ ಹಾಕಿ, ತಣ್ಣೀರಿನ ತಟ್ಟೆಯಲ್ಲಿ ಆರಿಸಿ, 1 ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಫ್ರಿಜ್ ಇಲ್ಲದವರು ಮಗ್ರಿಬ್‌ಗೆ 1 ಗಂಟೆ ಮುಂಚೆ ಮಾಡಿ, ಇಫ್ತಾರ್‌ನಲ್ಲೇ ಮುಗಿಸಿ.

ಮಕ್ಕಳಿಗೆ ವಾಂತಿ-ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ಕೂಡಲೇ ವೈದ್ಯರಿಗೆ ತೋರಿಸಿ.