ಪುರಸ್ಥ ಗ್ರಂಥಿಯ ಕ್ಯಾನ್ಸರು

ಸುಳ್ಯದ ಕಡೆ ಅರುವತ್ತು ದಾಟಿದ ಗಂಡಸರು ಇರುಳಲ್ಲಿ ನಾಲ್ಕು ಬಾರಿ ಮೂತ್ರಕ್ಕೆಂದು ಎದ್ದರೆ, “ಪ್ರಾಯವಾಯಿತಲ್ಲ” ಎಂದು ಮನೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಪ್ರಾಯವಾದುದೇನೋ ನಿಜವೇ. ಆದರೆ ಪ್ರಾಯದ ಮರೆಯಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳು ಇರಬಹುದು. ವಾಚಕರು ಅವನ್ನು ಬೇರ್ಪಡಿಸಿ ತಿಳಿಯುವುದು ಒಳಿತು.

ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಒಂದು ಗ್ರಂಥಿಯಿದೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ಒದಗಿಸುವುದು ಅದರ ಕೆಲಸ. ‘ಪ್ರಾಸ್ಟೇಟ್’ ಎಂಬ ಅದರ ಹೆಸರು ಗ್ರೀಕಿನದು. ‘ಮುಂದೆ ನಿಂತವನು’ ಎಂದರ್ಥ. ನಮ್ಮವರು ಅದನ್ನು ಪುರಸ್ಥ ಗ್ರಂಥಿ ಎಂದರು. ‘ಪುರಃ’ ಎಂದರೂ ಮುಂದೆ ಎಂದೇ; ಪಂಡಿತನ ಕಿವಿಗೆ ಇದು ಹಿತವಾದ ಅನುವಾದ. ಪುಸ್ತಕಗಳು ಅದರ ಗಾತ್ರವನ್ನು ಅಕ್ರೋಟಿಗೆ ಹೋಲಿಸುತ್ತವೆ. ನಮಗೆ ಸುಲಿಯದ ಸಣ್ಣ ಅಡಿಕೆಯೆಂದರೆ ಸಾಕು.

ಐವತ್ತರ ಮೇಲೆ ಈ ಗ್ರಂಥಿಯ ಒಳಭಾಗ ಬಹುಮಂದಿಯಲ್ಲಿ ಬೆಳೆದು ನಾಳವನ್ನು ಹಿಸುಕುತ್ತದೆ. ಧಾರೆ ಸಣ್ಣದಾಗುವುದು, ತಡೆತಡೆದು ಬರುವುದು ಹೆಚ್ಚಾಗಿ ಇದರಿಂದಲೇ. ಇದು ಕ್ಯಾನ್ಸರಲ್ಲ, ಕ್ಯಾನ್ಸರಾಗಿ ಮಾರ್ಪಡುವುದೂ ಇಲ್ಲ. ಕ್ಯಾನ್ಸರಾದರೋ ಸಾಮಾನ್ಯವಾಗಿ ಗ್ರಂಥಿಯ ಹೊರ ಅಂಚಿನಲ್ಲಿ, ನಾಳದಿಂದ ದೂರವಾಗಿ ಹುಟ್ಟುತ್ತದೆ. ಆದುದರಿಂದಲೇ ಅದು ಮೊದಮೊದಲು ಸುಳಿವು ಕೊಡದು.

ನನ್ನ ಸೋದರಮಾವನಿಗೆ ಸೊಂಟನೋವು ಬಂದಾಗ, ಅಡಿಕೆಗೋಣಿ ಎತ್ತಿದ್ದರಿಂದ ಎಂದುಕೊಂಡು ಒಂದು ಮಳೆಗಾಲವಿಡೀ ಎಣ್ಣೆ ತಿಕ್ಕಿಸಿಕೊಂಡರು. ಮೂತ್ರದಲ್ಲಿ ರಕ್ತ ಕಂಡುದನ್ನು ನಾಚಿಕೆಯಿಂದ ಅತ್ತೆಗೂ ಹೇಳಿರಲಿಲ್ಲ. ಪರೀಕ್ಷೆಯಾಗುವ ಹೊತ್ತಿಗೆ ರೋಗ ಬೆನ್ನೆಲುಬಿಗೆ ಹಬ್ಬಿತ್ತು. ಆಮೇಲೂ ಹಾರ್ಮೋನು ಚಿಕಿತ್ಸೆಯ ಬಲದಿಂದ ಅವರು ಮೂರು ವರ್ಷ ತೋಟಕ್ಕೆ ಹೋಗಿಬರುತ್ತಿದ್ದರು. ಪುರುಷ ಹಾರ್ಮೋನನ್ನು ತಡೆದರೆ ಈ ಕ್ಯಾನ್ಸರು ಸೊರಗುತ್ತದೆಂದು ಚಾರ್ಲ್ಸ್ ಹಗಿನ್ಸ್ ಎಂಬ ವೈದ್ಯರು 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗವಿದ್ದವರಿಗೆ ಅಪಾಯ ಸುಮಾರು ಇಮ್ಮಡಿ. ವಂಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರು ಕಂಡಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಎರಡಕ್ಕೂ ಕಾರಣವಾಗುವ ಕೆಲವು ವಂಶವಾಹಿ ದೋಷಗಳಿವೆ.

ಮಾವನ ನೆನಪಿನಿಂದ ನಾನೂ ಕಳೆದ ವರ್ಷ ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಮಾಡಿಸಿದೆ. ನಾಲ್ಕನ್ನು ಮೀರಿದರೆ ಸಾಮಾನ್ಯವಾಗಿ ವೈದ್ಯರು ಎಚ್ಚರಗೊಳ್ಳುತ್ತಾರೆ; ನನ್ನದು 5.2. ಅಂದು ನಿದ್ದೆ ಹತ್ತಲಿಲ್ಲ. ಕೊನೆಗೆ ಅದು ಮೂತ್ರದ ಸೋಂಕಿನ ಫಲವೆಂದು ತಿಳಿಯಿತು. ಕೆಲವು ವಾರಗಳ ಬಳಿಕ ಅಂಕಿ ಇಳಿಯಿತು. ನಾಲ್ಕರಿಂದ ಹತ್ತರೊಳಗೆ ಅಂಕಿ ಬಂದವರಲ್ಲಿ ಕ್ಯಾನ್ಸರಿರುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಎಂ.ಆರ್.ಐ. ಚಿತ್ರವೂ, ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆಯೂ ಆದ ಬಳಿಕವೇ ನಿರ್ಣಯ. ಆ ಚೂರಿಗೆ ಕೊಡುವ ಗ್ಲೀಸನ್ ಅಂಕವು ಆರಾದರೆ ರೋಗ ಸೌಮ್ಯ, ಹತ್ತಾದರೆ ಉಗ್ರ.

ರೋಗವಿದೆಯೆಂದೊಡನೆ ಕತ್ತಿಗೆ ಮೈಯೊಡ್ಡಬೇಕೆಂದಿಲ್ಲ. ಗ್ರಂಥಿಯೊಳಗೇ ಇದ್ದ ರೋಗದ 1,643 ಮಂದಿಯನ್ನು ಬ್ರಿಟನ್ನಿನಲ್ಲಿ ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಕ್ರಿಯೆ, ಒಂದಕ್ಕೆ ವಿಕಿರಣ, ಇನ್ನೊಂದಕ್ಕೆ ಬರಿಯ ನಿಗಾ ಎಂದು ಗೊತ್ತುಮಾಡಿದರು. ನಿಗಾದವರಲ್ಲಿ ಅನೇಕರಿಗೆ ಮುಂದೆ ಚಿಕಿತ್ಸೆ ಬೇಕಾಯಿತು. 2023ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಲೆಕ್ಕದಲ್ಲಿ, ಯಾವ ಗುಂಪಿನಲ್ಲಿಯೂ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರೇ. ಉಗ್ರ ರೋಗಕ್ಕೆ ಮಾತ್ರ ಈ ಲೆಕ್ಕ ಹೊಂದದು, ಅಲ್ಲಿ ತಡಮಾಡಬಾರದು.

ಶಸ್ತ್ರಕ್ರಿಯೆಯಾದವರಿಗೆ ಮೂತ್ರ ಸೋರುವುದೂ, ದಾಂಪತ್ಯ ಸುಖಕ್ಕೆ ಕುಂದು ಬರುವುದೂ ಉಂಟು. ವಿಕಿರಣದಿಂದ ಕರುಳಿಗೆ ತೊಂದರೆಯಾಗಬಹುದು. ಅದು ವಾರಕ್ಕೆ ಐದು ದಿನದಂತೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ನಡೆಯುವುದರಿಂದ, ನಮ್ಮ ಹಳ್ಳಿಯವರು ಮಂಗಳೂರಿನಲ್ಲಿ ಬಿಡಾರ ಹೂಡಬೇಕಾದೀತು. ಮೊದಲ ತಪಾಸಣೆಗೆ ಸುಳ್ಯದಲ್ಲೇ ಕೆ.ವಿ.ಜಿ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ದೂರ ಹೋಗುವವರಿಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆಯಿದೆ. ಹೊರಡುವಾಗ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದ ಕಾರ್ಡು ಮರೆಯಬೇಡಿರಿ. ಮನೆಯಾಕೆಯನ್ನೂ ಕರೆದೊಯ್ಯಿರಿ. ನನ್ನ ಗ್ಲೀಸನ್ ಅಂಕವೆಷ್ಟು, ರೋಗ ಗ್ರಂಥಿಯ ಹೊರಗೆ ಹೋಗಿದೆಯೆ, ಆರು ತಿಂಗಳು ಕಾದರೆ ಏನಾದೀತು ಎಂಬ ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ. ವೈದ್ಯರ ಮುಂದೆ ಕುಳಿತಾಗ ಕಂಠಪಾಠವೂ ಮರೆತುಹೋಗುತ್ತದೆ.