ಕಿಡಿಯಿಲ್ಲದೆ ಹೊತ್ತುವ ಬೆಂಕಿ

ವಾಚಕ ಮಹಾಶಯರಲ್ಲಿ ಅನೇಕರ ಹೊಲಗದ್ದೆಗಳಲ್ಲಿ ಡೀಸೆಲ್ ಇಂಜಿನ್ನು ಇದ್ದೇ ಇರುವುದು. ವಿದ್ಯುತ್ತಿನ ಪಂಪುಗಳು ಬಂದ ಮೇಲೂ ವಿದ್ಯುತ್ತು ಕೈಕೊಟ್ಟ ಹೊತ್ತಿನಲ್ಲಿ ಅದೇ ಆಸರೆ. ಆದರೆ ಅದರೊಳಗೆ ನಡೆಯುವುದೇನೆಂದು ಕೇಳಿದರೆ ಬಹುಮಂದಿ ನಿರುತ್ತರರಾಗುವೆವು. ಮೂವತ್ತು ವರ್ಷ ಮಕ್ಕಳಿಂದ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೂ ಈ ಯಂತ್ರದ ಕ್ರಿಯೆ ಮಾತ್ರ ತಿಳಿದಿರಲಿಲ್ಲ.

ಸಿರುಗುಪ್ಪದ ಬಳಿ ತುಂಗಭದ್ರೆಯ ದಡದಲ್ಲಿ ನಮಗೆ ಸ್ವಲ್ಪ ಗದ್ದೆಯುಂಟು. ಒಂದು ಬೇಸಗೆಯಲ್ಲಿ, ಭತ್ತವು ತೆನೆಗಟ್ಟುವ ಸಮಯಕ್ಕೆ, ಟ್ಯಾಂಕು ಬರಿದಾಗಿ ಇಂಜಿನ್ನು ನಿಂತಿತು. ಎಣ್ಣೆ ತಂದು ತುಂಬಿದೆವು. ಹ್ಯಾಂಡಲು ತಿರುಗಿಸಿ ತಿರುಗಿಸಿ ಆಳಿನ ರಟ್ಟೆ ಸೋತಿತೇ ಹೊರತು ಇಂಜಿನ್ನು ಉಸಿರೆತ್ತಲಿಲ್ಲ. ನೀರಿಲ್ಲದೆ ಗದ್ದೆ ಬಿರುಕು ಬಿಟ್ಟಿತು. ಕೆಲವು ದಿನಗಳಾದ ಮೇಲೆ ಬಳ್ಳಾರಿಯಿಂದ ಮಿಸ್ತ್ರಿಯೊಬ್ಬನನ್ನು ಕರೆತಂದೆನು. ಅವನು ಕುರುಗೋಡಿನವನು, ನನ್ನ ಅರ್ಧ ವಯಸ್ಸಿನವನು.

“ಮೇಷ್ಟ್ರೇ, ಇಂಜಿನ್ ಏನೂ ಕೆಟ್ಟಿಲ್ಲರಿ. ಪೈಪಿನಾಗ ಗಾಳಿ ಹೊಕ್ಕೈತಿ” ಎಂದು, ಒಂದು ನಟ್ಟನ್ನು ಸಡಿಲಿಸಿ, ಗುಳ್ಳೆಗಳು ನಿಂತು ಬರಿಯ ಎಣ್ಣೆ ಬರುವವರೆಗೆ ಕೈಯಿಂದ ಪಂಪು ಮಾಡಿ, ನಟ್ಟನ್ನು ಬಿಗಿದನು. ಇಂಜಿನ್ನು ಹೊರಟಿತು. ಕಾಲು ಗಂಟೆಯ ಕೆಲಸ! ಆ ದಿನ ಅವನೇ ಗುರು, ನಾನು ಶಿಷ್ಯ.

ಪೆಟ್ರೋಲ್ ಇಂಜಿನ್ನಿನಲ್ಲಿ ಬೆಂಕಿ ಹೊತ್ತಿಸಲು ವಿದ್ಯುತ್ತಿನ ಕಿಡಿ ಬೇಕು. ಇದರಲ್ಲಿ ಕಿಡಿಯೇ ಇಲ್ಲ. ಪಿಸ್ಟನ್ನು ಕೆಳಗಿಳಿದಾಗ ಸಿಲಿಂಡರಿನೊಳಕ್ಕೆ ಬರಿಯ ಗಾಳಿ ಬರುವುದು. ಮೇಲೇರಿದಾಗ ಆ ಗಾಳಿಯು ಮೊದಲಿನ ಜಾಗದ 16 ಅಥವಾ 20ರಲ್ಲಿ ಒಂದು ಪಾಲಿನಷ್ಟಕ್ಕೆ ಅದುಮಲ್ಪಡುವುದು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಯಾರು ತಾನೆ ಮುಟ್ಟಿ ನೋಡಿಲ್ಲ? ಇಲ್ಲಿ ಆ ಬಿಸಿ 500 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು. ಆಗ ನಾಜಲ್ಲಿನಿಂದ ಮಂಜಿನಂತೆ ಸಿಂಪಡಿಸಲ್ಪಟ್ಟ ಎಣ್ಣೆ ತಾನಾಗಿ ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ನೂಕುವುದು. ಮತ್ತೆ ಮೇಲೇರುತ್ತ ಅದು ಹೊಗೆಯನ್ನು ಹೊರದಬ್ಬುವುದು. ನಾಲ್ಕು ಓಟಗಳಲ್ಲಿ ದುಡಿಮೆ ಒಂದರಲ್ಲಿ ಮಾತ್ರ. ಉಳಿದ ಮೂರನ್ನು ಭಾರದ ಗಾಲಿಯ ವೇಗವೇ ಸಾಗಿಸುವುದು. ಯಜ್ಞಕ್ಕೆ ಅರಣಿಯನ್ನು ಕಡೆದು ಅಗ್ನಿಯನ್ನು ಪಡೆದವರ ವಂಶದವರಿಗೆ, ಗಾಳಿಯನ್ನು ಹಿಂಡಿಯೂ ಅಗ್ನಿಯನ್ನು ಪಡೆಯಬಹುದೆಂಬುದು ನಂಬದ ಮಾತೇನೂ ಆಗಬೇಕಿಲ್ಲ.

ಇನ್ನು ಪೈಪಿನ ಗಾಳಿಯ ವಿಚಾರ. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದು ಅತ್ಯಲ್ಪ. ಒತ್ತಡವು ನೇರವಾಗಿ ನಾಜಲ್ಲನ್ನು ಮುಟ್ಟುವುದು. ನಡುವೆ ಗಾಳಿ ಸೇರಿತೋ, ಅದು ತಾನು ಕುಗ್ಗಿ ಒತ್ತಡವನ್ನೆಲ್ಲ ನುಂಗುವುದು, ನಾಜಲ್ಲು ತೆರೆಯದು. ಸಿಲಿಂಡರಿನಲ್ಲಿ ಪ್ರಾಣವಾದ ಗಾಳಿಯೇ ಪೈಪಿನಲ್ಲಿ ಮೃತ್ಯು!

ಈ ಯಂತ್ರವನ್ನು ಕಲ್ಪಿಸಿದ ರುಡಾಲ್ಫ್ ಡೀಸೆಲ್ (1858–1913) ಜರ್ಮನ್ ದೇಶದವನು. 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ಅವನ ಯಂತ್ರ ಸಫಲವಾಯಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಇಂಥ ಇಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದ ನಡೆಸಿ ತೋರಿಸಿದ್ದರಂತೆ. ಶೇಂಗಾ ಬೆಳೆಯುವ ನಮ್ಮ ಸೀಮೆಯವರಿಗೆ ರುಚಿಸುವ ಸುದ್ದಿ. ಆದರೆ ಇದನ್ನೋದಿ ಯಾರೂ ಗಾಣದೆಣ್ಣೆಯನ್ನು ಟ್ಯಾಂಕಿಗೆ ಸುರಿಯಬಾರದು. ಅದು ಮಂದ, ನಾಜಲ್ಲಿನಲ್ಲಿ ಕಿಟ್ಟ ಕಟ್ಟುವುದು.

ಆ ವರ್ಷ ನಮ್ಮ ಮೇಲಿನ ಮಡಿಗಳ ಭತ್ತ ಜೊಳ್ಳಾಯಿತು. ಈಗ ಟ್ಯಾಂಕನ್ನು ಬರಿದಾಗಲು ಬಿಡುವುದಿಲ್ಲ. ಆ ನಟ್ಟಿಗೆ ಹೊಂದುವ ಪಾನಾ ಇಂಜಿನ್ನಿನ ಗುಡಿಸಲಲ್ಲಿ ಮೊಳೆಗೆ ತೂಗಿದೆ.