ಅಘನಾಶಿನಿಯ ಕಣಿವೆಯೂ ಅಲ್ಲಿನ ಮನೆಗಳೂ

‘ಅಘ’ವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಹೆಸರು ಇಷ್ಟು ಗಂಭೀರವಾಗಿದ್ದರೂ ಉತ್ತರ ಕನ್ನಡ ಜಿಲ್ಲೆಯ ಈ ನದಿ ಗಾತ್ರದಲ್ಲಿ ದೊಡ್ಡದಲ್ಲ. ಶಿರಸಿಯ ಶಂಕರಹೊಂಡದಲ್ಲಿ ಇದರ ಒಂದು ಕವಲು, ಮಂಜುಗುಣಿಯ ಕಡೆ ಇನ್ನೊಂದು ಕವಲು ಹುಟ್ಟಿ, ಎರಡೂ ಕೂಡಿ, ಸುಮಾರು 120 ಕಿಲೋಮೀಟರು ಹರಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲನ್ನು ಸೇರುತ್ತವೆ. ದೆಹಲಿಯ ಕನ್ನಡಿಗರು ದಿನವೂ ದಾಟುವ ಯಮುನೆಯ ಮುಂದೆ ಇದೊಂದು ಹೊಳೆ ಮಾತ್ರ. ಆದರೆ ವಜೀರಾಬಾದಿನ ಕಟ್ಟೆಯ ಕೆಳಗೆ ಬೇಸಿಗೆಯ ಯಮುನೆಯಲ್ಲಿ ನದಿಯ ಸ್ವಂತ ನೀರು ಬಹುಮಟ್ಟಿಗೆ ಉಳಿಯುವುದಿಲ್ಲ. ಅಘನಾಶಿನಿಯಾದರೋ ಹುಟ್ಟಿನಿಂದ ಕಡಲವರೆಗೆ ದೊಡ್ಡದೊಂದು ಅಣೆಕಟ್ಟೂ ಇಲ್ಲದೆ ಹರಿಯುತ್ತದೆ. ಇದು ಹೇಗೆ ಸಾಧ್ಯವಾಯಿತು, ಆ ಕಣಿವೆಗೆ ಅತಿಥಿಯಾಗಿ ಹೋಗುವವನು ಅಲ್ಲಿ ಏನನ್ನು ಗಮನಿಸಬೇಕು ಎಂಬುದು ಇಲ್ಲಿನ ವಿಚಾರ.

ಮೊದಲು ನೆಲದ ರಚನೆಯನ್ನು ನೋಡಬಹುದು. ಶಿರಸಿ-ಸಿದ್ದಾಪುರಗಳ ಮಲೆನಾಡು ಸಮುದ್ರಮಟ್ಟದಿಂದ ಸುಮಾರು 600 ಮೀಟರು ಎತ್ತರದ ಪ್ರಸ್ಥಭೂಮಿ. ಪಶ್ಚಿಮದಲ್ಲಿ ಅದು ಥಟ್ಟನೆ ಕರಾವಳಿಗೆ ಇಳಿಯುತ್ತದೆ. ಪೂರ್ವಕ್ಕೆ ಹರಿಯುವ ನದಿಗಳಿಗೆ ಸಾಗಲು ನೂರಾರು ಹರದಾರಿಗಳಿವೆ. ಪಶ್ಚಿಮವಾಹಿನಿಗಳಿಗೆ ಅಂಥ ಅವಕಾಶವಿಲ್ಲ. ಸ್ವಲ್ಪ ದೂರದಲ್ಲಿಯೇ ಅಷ್ಟು ಎತ್ತರವನ್ನು ಇಳಿಯಬೇಕಾದ ನೀರು ಬಂಡೆಯನ್ನು ಹಿಮ್ಮುಖವಾಗಿ ಕೊರೆಯುತ್ತ, ಕಡಿದಾದ ಕೊಳ್ಳಗಳನ್ನು ಮಾಡುತ್ತದೆ. ಆದ್ದರಿಂದಲೇ ಈ ಒಂದೇ ಕಣಿವೆಯಲ್ಲಿ ಇಷ್ಟೊಂದು ಜಲಪಾತಗಳು: ಮುಖ್ಯ ನದಿಯ ಮೇಲೆ ಹೆಗ್ಗರಣೆಯ ಬಳಿ ಉಂಚಳ್ಳಿ, ಸಿದ್ದಾಪುರದ ಕಡೆ ಬುರುಡೆ, ದೇವಿಮನೆ ಘಟ್ಟದ ಸಮೀಪದ ಕಾಡಿನಲ್ಲಿ ಬೆಣ್ಣೆಹೊಳೆ.

ಇವುಗಳಲ್ಲಿ ಉಂಚಳ್ಳಿಯೇ ಹಿರಿಯದು; ಎತ್ತರ 116 ಮೀಟರು. ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದ ಲಷಿಂಗ್ಟನ್ ಎಂಬ ಅಧಿಕಾರಿ 1845ರಲ್ಲಿ ಇದನ್ನು ‘ಕಂಡುಹಿಡಿದ’ನೆಂದು ಹೇಳಿ, ಇಂಗ್ಲಿಷಿನಲ್ಲಿ ಅವನ ಹೆಸರನ್ನೇ ಇದಕ್ಕೆ ಇಡಲಾಯಿತು. ಆದರೆ ಊರವರು ಇದನ್ನು ‘ಕೆಪ್ಪ ಜೋಗ’ವೆಂದು ಕರೆಯುತ್ತಾರೆ, ಇದರ ಮೊರೆತದ ಮುಂದೆ ಎದುರಿನವರ ಮಾತು ಕೇಳಿಸದು, ಕಿವಿ ಕೆಪ್ಪಾಗುತ್ತದೆ ಎಂದು. ಹೆಸರಿಟ್ಟು ಕರೆದವರಿಗೆ ಅದು ಕಾಣದೆ ಇದ್ದೀತೆ? ಈ ಸೀಮೆಯಲ್ಲಿ ಜೋಗವೆಂಬುದು ಗೇರುಸೊಪ್ಪೆಯ ಜಲಪಾತವೊಂದರದೇ ಅಂಕಿತನಾಮವಲ್ಲ, ಧುಮುಕುವ ನೀರಿಗೆಲ್ಲ ಸಲ್ಲುವ ರೂಢನಾಮ ಎಂಬುದಕ್ಕೆ ಬುರುಡೆ ಜೋಗ, ಕೆಪ್ಪ ಜೋಗ ಎಂಬ ಹೆಸರುಗಳೇ ಸಾಕ್ಷಿ.

ಕಾಲದ ವಿಷಯವಾಗಿ ಒಂದು ಮಾತು. ದೆಹಲಿಯ ಶಾಲೆಗಳಿಗೆ ರಜೆ ಬರುವುದು ಮೇ-ಜೂನ್ ತಿಂಗಳುಗಳಲ್ಲಿ. ಜಲಪಾತ ಬಡವಾಗಿರುವುದೂ ಮಳೆ ಹಿಡಿಯುವ ಮುಂಚಿನ ಆ ದಿನಗಳಲ್ಲಿಯೇ. ಜುಲೈ-ಆಗಸ್ಟಿನಲ್ಲಿ ನೀರು ತುಂಬಿದ್ದರೂ ಕೊಳ್ಳವನ್ನೆಲ್ಲ ಮಂಜು ಮುಸುಕಿ, ಜಲಪಾತ ಕಣ್ಣಿಗಿಂತ ಕಿವಿಗೆ ಹೆಚ್ಚಾಗಿ ದೊರೆಯುತ್ತದೆ. ದಾರಿಯೂ ಜಾರುತ್ತದೆ, ಜಿಗಣೆಗಳ ಕಾಟವೂ ಉಂಟು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನೀರೂ ಇದ್ದು ನೋಟವೂ ತೆರೆದಿರುವ ಕಾಲ. ದೀಪಾವಳಿಯ ರಜೆಯಲ್ಲಿ ನಿಜಾಮುದ್ದೀನಿನಿಂದ ಕೊಂಕಣ ರೈಲಿನಲ್ಲಿ ಕರಾವಳಿಗೆ ಬಂದಿಳಿದು ಘಟ್ಟವನ್ನೇರುವುದು, ಇಲ್ಲವೇ ಹುಬ್ಬಳ್ಳಿಯ ಮಾರ್ಗವಾಗಿ ಶಿರಸಿಯನ್ನು ಸೇರುವುದು ಅನುಕೂಲ.

ಈ ಕಣಿವೆ ಹೀಗೆಯೇ ಉಳಿದುದಕ್ಕೆ ಕಾರಣ ನಿಸರ್ಗವೊಂದೇ ಅಲ್ಲ. ದಕ್ಷಿಣದ ನೆರೆಯ ಶರಾವತಿಯ ಕಥೆ ಬೇರೆ. 253 ಮೀಟರು ಎತ್ತರದಿಂದ ಧುಮುಕುತ್ತಿದ್ದ ಆ ನದಿಗೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಯಿತು. ನಾಡಿಗೆ ಬೆಳಕು ಬಂದಿತು, ನಿಜ. ಆದರೆ ಊರುಗಳು ಮುಳುಗಿದವು, ಒಕ್ಕಲುಗಳು ಚದುರಿದವು. ಅವರ ಪುನರ್ವಸತಿಯ ಪ್ರಶ್ನೆ ಎರಡು ತಲೆಮಾರು ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ಉತ್ತರದ ನೆರೆಯ ಬೇಡ್ತಿ ನದಿಗೂ ಜಲವಿದ್ಯುತ್ ಯೋಜನೆಯೊಂದು ಸಿದ್ಧವಾದಾಗ, 1923ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರರ ಸಹಕಾರ ಸಂಘವು 1981ರಲ್ಲಿ ವಿದ್ವಾಂಸರನ್ನೂ ರೈತರನ್ನೂ ಒಂದೆಡೆ ಕೂಡಿಸಿ, ಯೋಜನೆಯ ಲಾಭನಷ್ಟಗಳ ಲೆಕ್ಕವನ್ನು ತಾನೇ ಪರಿಶೀಲಿಸಿತು. ಮುಳುಗುವ ಕಾಡು-ತೋಟಗಳ ಬೆಲೆಯನ್ನು ಖರ್ಚಿನ ಬದಿಗೆ ಬರೆದಾಗ ಲೆಕ್ಕದ ರೂಪವೇ ಬದಲಾಯಿತು, ಯೋಜನೆ ಕೈಬಿಟ್ಟಿತು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆಯ ಜನ, ಹಿಮಾಲಯದ ಚಿಪ್ಕೋ ಚಳವಳಿಯ ಮಾದರಿಯಲ್ಲಿ, ಕಡಿಯಲಿದ್ದ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ.

ಈ ಜನರ ಕಾಳಜಿಗೆ ಜೀವನದ ಆಧಾರವೂ ಇತ್ತು. ಇಲ್ಲಿನ ಅಡಿಕೆ ತೋಟ ಕಾಡನ್ನು ಅವಲಂಬಿಸಿದ್ದು. ತೋಟಕ್ಕೆ ಹೊದಿಸುವ ಹಸಿಸೊಪ್ಪು, ಕೊಟ್ಟಿಗೆಗೆ ಹಾಸುವ ದರಕು, ಗೊಬ್ಬರ ಎಲ್ಲವೂ ಬರುವುದು ಹಿಂದಿನ ಗುಡ್ಡದಿಂದ. ಆ ಗುಡ್ಡವೇ ‘ಸೊಪ್ಪಿನಬೆಟ್ಟ’. ಬ್ರಿಟಿಷರ ಕಾಲದಿಂದ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಈ ಹಕ್ಕು ಸಂದಿದೆ. ಕಾಡಿನ ಸೆಲೆಯೇ ಬೇಸಿಗೆಯಲ್ಲಿ ತೋಟಕ್ಕೆ ನೀರು. ಕೆಳಗೆ ಅಳಿವೆಯಲ್ಲಿಯೂ ಇದೇ ನ್ಯಾಯ: ಗಜನಿ ಗದ್ದೆಗಳ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ ಭತ್ತ, ಹೆಂಗಸರು ಕೆದಕಿ ತೆಗೆಯುವ ಚಿಪ್ಪಿ, ಅಂಬಿಗರ ಮೀನು, ಇವೆಲ್ಲ ಸಿಹಿನೀರು ತಪ್ಪದೆ ಬಂದು ಉಪ್ಪುನೀರನ್ನು ಕೂಡುವುದರಿಂದಲೇ ಉಳಿದಿವೆ. ಸಿಂಗಳೀಕಗಳಿರುವ ಮೇಲಿನ ಕಾಡು 2011ರಲ್ಲಿ ಸಂರಕ್ಷಿತ ಪ್ರದೇಶವಾಯಿತು. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಇಂಥ ಕಣಿವೆಯ ಮನೆಗಳು ಈಚಿನ ದಶಕಗಳಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದಿವೆ. ‘ಹೋಂಸ್ಟೇ’ ಎಂಬ ಹೊಸ ಶಬ್ದ ಹಳ್ಳಿಯ ಫಲಕಗಳ ಮೇಲೆ ಬಂದಿದೆ. ಇದು ಹೋಟೆಲಲ್ಲ, ಮನೆಯವರು ವಾಸಿಸುವ ಮನೆ. ಊಟ ಮನೆಯವರ ಹೊತ್ತಿಗೆ. ತಂಬುಳಿ, ಅಪ್ಪೆಹುಳಿ, ಕಬ್ಬಿನ ಹಾಲಿನ ದಿನಗಳಲ್ಲಾದರೆ ತೊಡೆದೇವು. ಕೊಯ್ಲಿನ ಕಾಲದಲ್ಲಿ ಹೋದವರಿಗೆ ರಾತ್ರಿ ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತುಕತೆಯೂ ಲಭ್ಯ.

ಇದರ ಹಣಕಾಸಿನ ಅರ್ಥವನ್ನು ತಿಳಿಯಬೇಕು. ಅಡಿಕೆಯ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ. ಮಳೆಗಾಲದಲ್ಲಿ ಕೊಳೆರೋಗ ಬಂದರೆ ಅದೂ ಅರ್ಧ. ಖರ್ಚು ಮಾತ್ರ ಪ್ರತಿ ತಿಂಗಳಿನದು. ಅತಿಥಿಯಿಂದ ಬರುವ ಹಣ ಸಣ್ಣದಾದರೂ ಈ ಅಂತರವನ್ನು ತುಂಬುತ್ತದೆ. ಸಾಲಕ್ಕಾಗಿ ತೋಟದ ಮರ, ಜಮೀನು ಮಾರಬೇಕಾದ ಒತ್ತಡ ಕಡಿಮೆಯಾಗುತ್ತದೆ. ಕಾಡು ನಿಂತಿದ್ದರೇ ಅತಿಥಿ ಬರುವನೆಂಬ ಅರಿವು ಕಾಡಿಗೂ ಒಂದು ರಕ್ಷೆ.

ಆದರೆ ಇದೇ ವ್ಯವಹಾರ ಮಿತಿಮೀರಿದರೆ ಮೂಲಕ್ಕೇ ಮೋಸ. ಮನೆಯ ಒಡೆಯರಿಲ್ಲದ ಮನೆ, ಸೊಪ್ಪಿನಬೆಟ್ಟವನ್ನು ಕಡಿದು ಕಟ್ಟಿದ ಕುಟೀರಗಳ ಸಾಲು, ಜಲಪಾತದ ಬುಡದಲ್ಲಿ ಬಾಟಲಿಯ ರಾಶಿ — ಇವು ಬಂದ ಕಡೆ ‘ಹೋಂಸ್ಟೇ’ಯಲ್ಲಿ ಹೋಂ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಸೆಲೆಯ ನೀರು ಒಂದು ಮನೆಗೂ ಒಂದು ತೋಟಕ್ಕೂ ಸಾಕಾಗುವಷ್ಟೇ. ಇಪ್ಪತ್ತು ಜನರ ಸ್ನಾನಕ್ಕೆ ಅದು ಹುಟ್ಟಿದ್ದಲ್ಲ. ಆದಕಾರಣ ಮನೆಯವರು ಇರುವಲ್ಲಿಯೇ ಇಳಿದುಕೊಳ್ಳುವುದು, ನೀರನ್ನು ಅಳತೆಯರಿತು ಬಳಸುವುದು, ತಂದ ಕಸವನ್ನು ಮರಳಿ ಒಯ್ಯುವುದು ಅತಿಥಿಯ ಧರ್ಮ.

ಕಣಿವೆಯ ಮುಂದೆ ಈಗ ಇನ್ನೊಂದು ಪ್ರಶ್ನೆಯಿದೆ. ಪಶ್ಚಿಮಕ್ಕೆ ಹರಿಯುವ ನೀರು ವ್ಯರ್ಥವೆಂಬ ವಾದದಿಂದ, ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಪ್ರಸ್ತಾಪ ಬಂದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅದನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಕಡಲು ಸೇರುವ ಮುನ್ನ ಈ ನೀರು ಎಷ್ಟು ತೋಟ, ಎಷ್ಟು ಗಜನಿ, ಎಷ್ಟು ಒಲೆಗಳನ್ನು ನಡೆಸುತ್ತದೆಂಬುದನ್ನು 1981ರಂತೆ ಮತ್ತೊಮ್ಮೆ ಖರ್ಚಿನ ಬದಿಗೆ ಬರೆಯದೆ ಲೆಕ್ಕ ಮುಗಿಸುವಂತಿಲ್ಲ.

ಈ ಲೆಕ್ಕವನ್ನು ಕೇಳುವವರು ಯಾರು ಎಂಬುದೇ ಕಡೆಯ ಪ್ರಶ್ನೆ. ಕಣಿವೆಯ ಅನೇಕ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ತಂದೆತಾಯಿಗಳು. ಮಕ್ಕಳು ಬೆಂಗಳೂರು, ಮುಂಬಯಿ, ದೆಹಲಿಗಳಲ್ಲಿ. ಅತಿಥಿಗೆ ತೆರೆದುಕೊಡುವ ಕೋಣೆ ಬಹಳ ಕಡೆ ಓದಿಗೋ ಉದ್ಯೋಗಕ್ಕೋ ಊರುಬಿಟ್ಟ ಮಗನದು, ಮಗಳದು. ಗೋಡೆಯ ಮೇಲೆ ಅವರ ಶಾಲೆಯ ಪಟಗಳು ಇನ್ನೂ ಇರುತ್ತವೆ. ದೂರದ ಊರಿನಿಂದ ಬಂದು ಆ ಕೋಣೆಯಲ್ಲಿ ಮಲಗುವ ಪ್ರವಾಸಿ ಕನ್ನಡಿಗನಿಗೆ ಜಲಪಾತದ ಮೊರೆತ ರಾತ್ರಿಯೆಲ್ಲ ಕೇಳಿಸುತ್ತದೆ. ತನ್ನ ಊರಿನಲ್ಲಿ ತನ್ನ ಕೋಣೆ ಯಾರಿಗಾಗಿ ತೆರೆದಿದೆ ಎಂಬ ಯೋಚನೆಯೂ ಅವನಿಗೆ ಆಗ ಬಾರದಿರದು.